ಹೊಸ ಭಟ್ಟಿಗೆ ಎರಡು ಬಿಲ್ಲೆ ಕರ್ಪೂರ

ಅವತ್ತು ಬೆಳಿಗ್ಗೆ ಯಂಕಮ್ಮ ಗಂಡನ ಅಂಗಿ ಜೇಬಿಗೆ ಎರಡು ಬಿಲ್ಲೆ ಕರ್ಪೂರ, ಒಂದು ಕಡ್ಡಿಪೆಟ್ಟಿಗೆ ಹಾಕಿದಳು. ರಗಳೆ ಶುರುವಾದದ್ದು ಅಲ್ಲಿಂದಲೇ.

"ಹೊಸಾ ಭಟ್ಟಿ ಮುಟ್ಟಾಕ ಹೊಂಟೀರಿ. ಬರಿಗೈಲೆ ಹೋಗಬ್ಯಾಡ್ರಿ."

"ಭಟ್ಟಿ ಅಲ್ಲಲೇ, ತರಬೇತಿ!" ಎಂದು ತಾಯಪ್ಪ ರೇಗಿದ.

ಅವನು ಎದ್ದದ್ದೇ ಸಿಟ್ಟಿನಲ್ಲಿ. ಬಾಲಾನಗರದ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಲ್ಲಿದ್ದಲ ಭಟ್ಟಿಯ ಮುಂದೆ ಬೆಂದವನು, ಕಾದ ಕಬ್ಬಿಣದ ಬಣ್ಣ ನೋಡಿಯೇ ಹದ ಹೇಳುವವನು. ಈಗ ಹೊಗೆ ಬಿಡದ ಕರೆಂಟಿನ ಭಟ್ಟಿ ಬರುತ್ತದಂತೆ. ಮಣಿಕೊಂಡದ ಗಾಜಿನ ಕಟ್ಟಡದಲ್ಲಿ 'ಹಸಿರು ತರಬೇತಿ' ಮುಗಿಸಿ ಸರ್ಟಿಫಿಕೇಟು ತಂದವರಿಗೆ ಮಾತ್ರ ಅದರ ಮೇಲೆ ಕೆಲಸವಂತೆ. ತರದಿದ್ದವರು ಗಂಟುಮೂಟೆ ಕಟ್ಟಬೇಕು. ಹಾಗೆಂದು ಮ್ಯಾನೇಜರ್ ಸೂರ್ಯನಾರಾಯಣ ನೋಟಿಸು ಅಂಟಿಸಿದ್ದ.

ಜೋಡಿ ಕೆಲಸಗಾರ ಮೋಹನ ಬಸ್ ಸ್ಟಾಪಿನವರೆಗೆ ಬಂದು ಹಿಂದೆ ಸರಿದ. "ಈ ವಯಸ್ಸಿನ್ಯಾಗ ಪರೀಕ್ಷಾ ನನ್ನ ಕೈಲೆ ಆಗಂಗಿಲ್ಲೋ ಅಣ್ಣಾ."

"ಕೆಲಸಾ ಕಳಕೊಂತಿ ಮಗನಾ!" ಎಂದು ಬೈದು ತಾಯಪ್ಪ ಒಬ್ಬನೇ ಬಸ್ಸು ಹತ್ತಿದ.

ಎಸಿ ಕೋಣೆಯಲ್ಲಿ ಅವನು ನೆನೆದ ಕೋಳಿಯಂತೆ ನಡುಗುತ್ತ ಕೂತ. ಎದುರಿಗೆ ಟೈ ಕಟ್ಟಿದ, ಮೀಸೆ ಇನ್ನೂ ನೆಟ್ಟಗೆ ಬಾರದ ಸುಶಾಂತ ಎಂಬ ಮೇಷ್ಟ್ರು.

"ಬೆಂಕಿ ಅಂದ್ರೆ ಏನು? ಯಾರು ಹೇಳ್ತೀರಿ?"

ತಾಯಪ್ಪ ಎರಡೂ ಅಂಗೈ ಚಾಚಿದ. ಸುಟ್ಟು ಸುಟ್ಟು ಗೆರೆಗಳೇ ಅಳಿಸಿಹೋಗಿದ್ದವು. "ಇದ ನೋಡ್ರಿ ಸರ."

"ತಪ್ಪು," ಎಂದ ಸುಶಾಂತ, ಪರದೆಯ ಮೇಲಿನ ಉತ್ತರ ತೋರಿಸಿದ.

ತಾಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ನೌಕರಿಯ ಮುಖ ನೋಡಿ ಪರದೆಯ ಉತ್ತರವನ್ನೇ ಬರೆದುಕೊಂಡ.

ಮಧ್ಯಾಹ್ನ ಪರೀಕ್ಷೆ. ಬೀರುವಿನಷ್ಟು ದೊಡ್ಡ ಮಾದರಿ ಭಟ್ಟಿ ತಂದು ನಿಲ್ಲಿಸಿದರು. "ಚಾಲೂ ಮಾಡೋ ಮೊದಲು ಏನೇನು ಮಾಡಬೇಕೋ ಎಲ್ಲ ಮಾಡಿ, ಆಮೇಲೆ ಗುಂಡಿ ಒತ್ತಿ," ಎಂದ ಸುಶಾಂತ.

ಭಟ್ಟಿ ಚಾಲೂ ಮಾಡುವ ಮೊದಲು ಏನು ಮಾಡಬೇಕು? ಎರಕದವರ ಮನೆಯ ಕೂಸಿಗೂ ಗೊತ್ತು. ತಾಯಪ್ಪ ಚಪ್ಪಲಿ ಬಿಟ್ಟ, ಎರಡೂ ಬಿಲ್ಲೆ ಕರ್ಪೂರ ಹಚ್ಚಿ ಭಟ್ಟಿಗೆ ಬೆಳಗಿದ, ಭಕ್ತಿಯಿಂದ ಕಣ್ಣು ಮುಚ್ಚಿದ.

ಅಯ್ಯೋ ಶಿವನೇ! ಹೊಗೆ ತಾಗಿದ್ದೇ ಛಾವಣಿಯ ಬೆಂಕಿ ಗಂಟೆ ಬಾಯಿ ಬಡಿದುಕೊಂಡಿತು, ಮೇಲಿಂದ ಧೋ ಎಂದು ನೀರು ಸುರಿಯಿತು. ಎಂಟು ಮಾಳಿಗೆಯ ಕಂಪ್ಯೂಟರ್ ಮಂದಿ ಎದ್ದೆನೋ ಬಿದ್ದೆನೋ ಎಂದು ಅಂಗಳಕ್ಕೆ ಓಡಿದರು.

"ನೀವು ಫೇಲ್!" ತೊಯ್ದ ಟೈ ಹಿಂಡುತ್ತ ಸುಶಾಂತ ಕಿರುಚಿದ.

ತಾಯಪ್ಪನ ತಾಳ್ಮೆ ಅಲ್ಲಿಗೆ ಮುಗಿಯಿತು. "ಎರಡು ಬಿಲ್ಲಿ ಕರ್ಪೂರಕ್ಕ ಎಂಟು ಮಾಳಿಗಿ ಖಾಲಿ ಆತು! ನೀವೇನ್ರಿ ನನಗ ಬೆಂಕಿ ಪಾಠಾ ಹೇಳೋದು?"

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥೆ ಸುಹಾಸಿನಿ ಮೇಡಂ ನಗುನಗುತ್ತ ಬಂದರು. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ಕವಾಯತನ್ನು ವರ್ಷದಿಂದ ಮಾಡಿಸಿರಲಿಲ್ಲ, ನಾಳೆಯೇ ತಪಾಸಣೆ. "ಕವಾಯತು ಇವತ್ತು ಆಯ್ತು ಅಂತ ಬರೆದುಬಿಡಿ ಸುಶಾಂತ್. ನಡೆಸಿಕೊಟ್ಟವರು ತಾಯಪ್ಪ ಅವರು. ಅವರಿಗೆ ಫಸ್ಟ್ ಕ್ಲಾಸ್ ಕೊಡಿ!"

ಪ್ಲಾಸ್ಟಿಕ್ ಹೊದಿಸಿದ ಸರ್ಟಿಫಿಕೇಟು ಎದೆಗವಚಿಕೊಂಡು ತಾಯಪ್ಪ ಸಂಜೆಯ ಪಾಳಿಗೆ ಕಾರ್ಖಾನೆ ಸೇರಿದ. ನೋಡಿದರೆ ಹಳೇ ಭಟ್ಟಿ ಭುಗಭುಗ ಉರಿಯುತ್ತಿದೆ, ಮೋಹನ ಹಾಡಿಕೊಳ್ಳುತ್ತ ಕಲ್ಲಿದ್ದಲು ಹಾಕುತ್ತಿದ್ದಾನೆ.

"ಹೊಸಾ ಭಟ್ಟಿ ಎಲ್ರಿ ಸರ?"

"ಬರಂಗಿಲ್ಲ ತಾಯಪ್ಪಾ," ಎಂದ ಸೂರ್ಯನಾರಾಯಣ. "ಮಧ್ಯಾಹ್ನ ಕರೆಂಟ್ ಆಫೀಸಿನಿಂದ ಪತ್ರ ಬಂತು. ಅಷ್ಟು ಕರೆಂಟು ನಮಗ ಕೊಡಾಕ ಆಗಂಗಿಲ್ಲಂತ. ಇರೋದೆಲ್ಲಾ ಮಣಿಕೊಂಡದ ಗಾಜಿನ ಕಟ್ಟಡಗಳ ಎಸಿಗೇ ಹೋಗಾಕತ್ತೈತಿ."

"ಹೋಗ್ಲಿ ಬಿಡ್ರಿ, ಹಳೇದರ ಮ್ಯಾಲೇ ನಿಲ್ಲತೀನಿ," ಎಂದು ತಾಯಪ್ಪ ಸಲಿಕೆಗೆ ಕೈ ಹಾಕಿದ.

"ಏಯ್, ಮುಟ್ಟಬ್ಯಾಡ! ಸರ್ಟಿಫಿಕೇಟು ತಿರುವಿ ನೋಡು. ಹಸಿರು ತರಬೇತಿ ಆದವರು ಕಲ್ಲಿದ್ದಲ ಭಟ್ಟಿ ಹತ್ತಿರ ಸುಳಿಯಂಗಿಲ್ಲಂತ ಬರದಾರ. ನಿನ್ನ ಹೆಸರು ಆಗಲೇ ಫ್ಯಾಕ್ಸಿನ್ಯಾಗ ಬಂದೈತಿ. ಹೊಸಾ ಭಟ್ಟಿ ಬರೋತನಕಾ ಮನ್ಯಾಗಿರು."

"ಬರೋದು ಯಾವಾಗ್ರಿ?"

ಒಳಗಿನಿಂದ ಮೋಹನ ಕೂಗಿದ: "ನನ್ನಂಗ ಬಸ್ ಸ್ಟಾಪಿನಿಂದ ತಿರುಗಿ ಬಂದಿದ್ರ ಚಲೋ ಇತ್ತಲ್ಲೋ ಅಣ್ಣಾ!"

ತಾಯಪ್ಪ ಸರ್ಟಿಫಿಕೇಟು ಹರಿಯಲು ನೋಡಿದ. ಪ್ಲಾಸ್ಟಿಕ್ಕು, ಹರಿಯಲಿಲ್ಲ. ಸುಟ್ಟೇಬಿಡುತ್ತೇನೆಂದು ಭಟ್ಟಿಯ ಕಡೆ ನುಗ್ಗಿದ. ಸೂರ್ಯನಾರಾಯಣ ಅಡ್ಡ ನಿಂತು ಕೈ ಚಾಚಿದ.

"ಸುಡಬೇಕಂದ್ರ ಮೋಹನನ ಕೈಗೆ ಕೊಡು. ನೀ ಹೋಗಂಗಿಲ್ಲ."