ನನ್ನ ಮಗಳನ್ನು ಅರ್ಧ ಮನುಷ್ಯಳೆಂದು ಬರೆದುಕೊಂಡವರಿಗೆ

ಮಾನ್ಯರೇ,

ಸೋಲಾರ್ ಕಂಪನಿಯ ಬಿಸಿನೀರು ಅಂದಾಜು ವಿಭಾಗದ ತಮಗೆಲ್ಲ ಹುಮನಾಬಾದಿನಿಂದ, ಮೂರು ತಿಂಗಳ ಕೂಸಿನ ತಾಯಿ ಪೂನಮಳ ಆಕಳಿಕೆ ಸಮೇತ ನಮಸ್ಕಾರಗಳು.

ನೀರೂ ಕರೆಂಟೂ ಉಳಿಯಲೆಂದು ತಾವು ಕಳಿಸಿದ ನಮೂನೆಯನ್ನು ಬಿಎಸ್ಸಿ ಓದಿದ ನಾನೇ ತುಂಬಿದ್ದೆ. ದೊಡ್ಡವರಿಗೆ ತಲಾ ಮೂವತ್ತು ಲೀಟರ್, ಐದು ವರ್ಷದೊಳಗಿನವರು ಅರ್ಧ ಮನುಷ್ಯರಾದ್ದರಿಂದ ಹದಿನೈದು ಎಂಬ ತಮ್ಮ ನಿಯಮದಂತೆ ನಾನು, ಪತಿ ಕಲ್ಲಿನಾಥ, ಮಗಳು ಸೇರಿ ಎರಡೂವರೆ ಜನರಾದೆವು. ಎಪ್ಪತ್ತೈದು ಲೀಟರಿನ ಟ್ಯಾಂಕು ಮಾಳಿಗೆ ಏರಿತು. ಎಂಥ ಅಚ್ಚುಕಟ್ಟು ಲೆಕ್ಕ! ಅದನ್ನು ನಂಬಿ ನೀರು ಕಾಯಿಸುವ ಹಂಡೆಯನ್ನೂ ಬಸವಕಲ್ಯಾಣದ ತವರಿಗೆ ಮರಳಿಸಿಬಿಟ್ಟೆ.

ಆದರೆ ತಮ್ಮ ನಮೂನೆಯಲ್ಲಿ ಭೀಮಬಾಯಿಗೆ ಜಾಗವಿರಲಿಲ್ಲ. ದಿನಾ ದುಬಲಗುಂಡಿಯಿಂದ ಬಸ್ಸಿಗೆ ಬಂದು, ಕೂಸಿಗೆ ಎಣ್ಣೆ ತಿಕ್ಕಿ, ಚಾಚಿದ ಕಾಲಮೇಲೆ ಮಲಗಿಸಿಕೊಂಡು ನೀರೆರೆಯುವ ಈ ಹಿರಿಯಳಿಗೆ ಲೀಟರು ಗೊತ್ತಿಲ್ಲ. ಆಕೆಯ ಅಳತೆ ಆಕಳಿಕೆ. ಕೂಸು ಆಕಳಿಸುವ ತನಕ ತಂಬಿಗೆ ನಿಲ್ಲುವಂತಿಲ್ಲ. ಆಕಳಿಸಿತೋ, ಮೂರು ತಾಸು ನಿದ್ದೆ, ಕೂಸಿಗೂ ನನಗೂ. ಇಡೀ ದಿನಕ್ಕೆ ನನ್ನ ಪಾಲಿಗೆ ಬರುವುದೇ ಅಷ್ಟು. ಈಗ ಕೂಸು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ನಲ್ಲಿಯಲ್ಲಿ ತಣ್ಣೀರು. ಆಕಳಿಕೆಗೆಂದು ತೆರೆದ ಬಾಯಿ ಅಳುವಿಗೆ ತಿರುಗಿ ಸಂಜೆಯವರೆಗೂ ಮುಚ್ಚುವುದಿಲ್ಲ.

ತಮ್ಮ ನಿಯಮವನ್ನು ಓದಿ ಹೇಳಿದೆ. “ಅರ್ಧಾ ಮನಷ್ಯಾ ಅಂದ್ರ ಯಾವ ಅರ್ಧಾರಿ ಅಕ್ಕೋರ? ಮ್ಯಾಲಿಂದೋ, ತಳಗಿಂದೋ? ಸಾಹೇಬರಿಗೆ ಕೇಳ್ರಿ, ಅಷ್ಟಕ್ಕೇ ನೀರ ಹಾಕ್ತೀನಿ” ಎಂದಳು ಭೀಮಬಾಯಿ.

ಆದಕಾರಣ ಅದು ಯಾವ ಅರ್ಧವೆಂದು ಮೊಹರು ಹಚ್ಚಿ ತಿಳಿಸಬೇಕು. ಆಗದಿದ್ದರೆ ತಮ್ಮ ಇಡೀ ವಿಭಾಗ ಸರದಿಯಂತೆ ಬಂದು ಭೀಮಬಾಯಿಯ ಕಾಲಮೇಲೆ ಬೋರಲು ಮಲಗಿ, ಹದಿನೈದು ಲೀಟರಿನೊಳಗೆ ಆಕಳಿಸಿ ತೋರಿಸಬೇಕು. ಎಣ್ಣೆ ನಮ್ಮದೇ. ಅದೂ ಆಗದಿದ್ದರೆ ನನ್ನ ಮಗಳನ್ನು ಆರು ಜನರೆಂದು ಬರೆದುಕೊಂಡು ದೊಡ್ಡ ಟ್ಯಾಂಕು ಕಳಿಸಬೇಕು. ಆಕೆಯ ಅಳುವ ದನಿ ಕೇಳಿದ ನೆರೆಯವರು ಸಾಕ್ಷಿ ಹೇಳಲು ಸಿದ್ಧರಿದ್ದಾರೆ.

ಇಡೀ ಮನುಷ್ಯಳೆಂದು ಎಣಿಸಲ್ಪಟ್ಟೂ ಅರ್ಧ ಮಾತ್ರ ಎಚ್ಚರವಿರುವ,
ತಮ್ಮ ವಿಶ್ವಾಸಿ,
ಪೂನಮ

ಮರೆತ ಮಾತು: ಲೆಕ್ಕ ಸರಿಯಿದೆಯೆಂದು ತೋರಿಸಲು ತಾವು ಕಳಿಸಿದ ಸುಮೇಧ ಅವರು ಇಂದು ಬಂದರು. ಅಳತೆಯ ಜಗ್ಗು ಹಿಡಿದು ಬಚ್ಚಲ ಬಾಗಿಲಲ್ಲಿ ಕುಳಿತವರು, ಹಬೆಗೂ ಭೀಮಬಾಯಿಯ ಗುನುಗಿಗೂ ಎಂಟನೇ ತಂಬಿಗೆಗೇ ಆಕಳಿಸಿ ಅಲ್ಲೇ ನಿದ್ದೆಹೋಗಿದ್ದಾರೆ. ಕೂಸು ಪೂರ್ತಿ ಎಚ್ಚರವಾಗಿ ಅವರನ್ನೇ ನೋಡುತ್ತಿದೆ. ದೊಡ್ಡ ಟ್ಯಾಂಕು ಬಂದ ದಿನ ಅವರನ್ನು ಮರಳಿಸಲಾಗುವುದು.