ಮೂರನೆಯ ಪೆಡಲು

ಮಳೆಗಾಲ ಮುಗಿದು ಬೆಳಗಿನ ಹೊತ್ತು ಇಬ್ಬನಿ ಬೀಳಲು ಶುರುವಾಗಿತ್ತು. ಸಸಿ ಬೆಳೆಸಿ ಮಾರುವವರಿಗೆ ಉಸಿರಾಡಲೂ ಪುರಸೊತ್ತಿಲ್ಲದ ಕಾಲ. ಊರಿನವರೆಲ್ಲ ಸಸಿಯಣ್ಣ ಎಂದು ಕರೆಯುತ್ತಿದ್ದ ಮನುಷ್ಯ ನಸುಕಿಗೇ ಎದ್ದು, ನೆರಳುಬಲೆಯ ಕೆಳಗಿದ್ದ ಕೋಸಿನ ಸಸಿಗಳಿಗೆ ಸಣ್ಣ ಹನಿಯಾಗಿ ನೀರು ಹಿಡಿದ. ಹೆಂಡತಿ ಹಳದಿ ತಿರುಗಿದ ಎಲೆಗಳನ್ನು ಚಿವುಟಿ, ಟ್ರೇಗಳನ್ನು ಒಂದೊಂದಾಗಿ ಪಿಕಪ್ ಗಾಡಿಯ ಹಿಂಭಾಗದಲ್ಲಿ ಜೋಡಿಸುತ್ತಿದ್ದಳು. ಹೊಳೆಯಾಚೆಯ ದೊಡ್ಡ ತೋಟದ ಯಜಮಾನ ಮೊದಲ ಸಲ ಸಸಿ ಕೇಳಿದ್ದ. ಆಳುಗಳು ಹೊಲದಲ್ಲಿ ಕಾದಿರುತ್ತಾರೆ, ಬಿಸಿಲೇರುವ ಮೊದಲು ಸಸಿ ಬಂದರೆ ಈ ಹಂಗಾಮಿನದೆಲ್ಲ ನಿನ್ನಲ್ಲೇ, ತಡವಾದರೆ ಪಕ್ಕದೂರಿನವನಿದ್ದಾನೆ ಎಂದು ಹೇಳಿ ಕಳಿಸಿದ್ದ.

ಸಸಿಯೇನೋ ಸಿದ್ಧವಾಗಿತ್ತು. ತೊಂದರೆಯಿದ್ದದ್ದು ಪಿಕಪ್ಪಿನಲ್ಲಿ, ಅದರಲ್ಲೂ ಅದಕ್ಕೆ ಹಿಂದಿನ ದಿನವಷ್ಟೇ ಹೊಸದಾಗಿ ಬಂದಿದ್ದ ಮೂರನೆಯ ಪೆಡಲಿನಲ್ಲಿ.

ಕೊಂಡಾಗ ಅದು ಆಟೊಮ್ಯಾಟಿಕ್ ಗಾಡಿ. ಕ್ಲಚ್ ಇರಲಿಲ್ಲ, ಗೇರು ಬದಲಿಸುವ ಗೋಜಿರಲಿಲ್ಲ. ಒಂದು ಪೆಡಲು ತುಳಿದರೆ ಹೋಗುತ್ತಿತ್ತು, ಇನ್ನೊಂದು ತುಳಿದರೆ ನಿಲ್ಲುತ್ತಿತ್ತು. ಅಷ್ಟು ಸುಲಭದ ಗಾಡಿಯನ್ನು ಯಾರು ಬೇಕಾದರೂ ಓಡಿಸಬಹುದಿತ್ತು, ಓಡಿಸುತ್ತಲೂ ಇದ್ದರು. ಪಕ್ಕದ ಮನೆಯ ಟೈಲರ್ ಒಂದು ಮಧ್ಯಾಹ್ನದಲ್ಲಿ ಅದರ ಮೇಲೇ ಡ್ರೈವಿಂಗ್ ಕಲಿತು, ಪೇಟೆಯಿಂದ ಒಂದು ಪೊಟ್ಟಣ ಗುಂಡಿ ತರಲೂ ಪಿಕಪ್ಪನ್ನೇ ಒಯ್ಯುತ್ತಿದ್ದ. ಅದೇ ಬೀದಿಯಲ್ಲಿದ್ದ ಹೆಂಡತಿಯ ಅಣ್ಣ, ಅಂದರೆ ಭಾವ, ಮಂಚ ಸಾಗಿಸಬೇಕೆಂದು ಒಯ್ದರೆ ಮಂಚ ಹಳತಾಗುವವರೆಗೆ ಗಾಡಿ ತಿರುಗಿ ಬರುತ್ತಿರಲಿಲ್ಲ. ಹೋದ ಸಲ ಟೊಮೇಟೊ ಸಸಿ ಕೀಳುವ ವಾರವೇ ಗಾಡಿ ಭಾವನ ಹತ್ತಿರವಿತ್ತು. ಅದು ಬರುವಷ್ಟರಲ್ಲಿ ಸಸಿಗಳು ಟ್ರೇಯಲ್ಲೇ ಕತ್ತು ಉದ್ದ ಮಾಡಿಕೊಂಡು ಬಳುಕುತ್ತ ನಿಂತಿದ್ದವು.

ಕೊಡುವುದಿಲ್ಲ ಎಂದರಾಗುತ್ತಿತ್ತು. ಆದರೆ ಆ ಮಾತು ಸಸಿಯಣ್ಣನ ಗಂಟಲವರೆಗೆ ಬಂದು, ಅಲ್ಲಿಂದ ಹೇಗೋ ತಿರುಗಿ, ಬಾಯಿಂದ ಹೊರಬೀಳುವಾಗ ‘ಅದಕ್ಕೇನಂತೆ’ ಎಂದಾಗಿರುತ್ತಿತ್ತು. ನಾಲಿಗೆಯಿಂದ ಆಗದ್ದನ್ನು ಗಾಡಿಯಿಂದಲೇ ಹೇಳಿಸಬೇಕೆಂದು ಅವನು ನಿರ್ಧರಿಸಿದ. ಕ್ಲಚ್ ಇದ್ದರೆ ಟೈಲರೂ ಓಡಿಸಲಾರ, ಭಾವನೂ ಓಡಿಸಲಾರ.

ಗ್ಯಾರೇಜಿನ ಮೇಸ್ತ್ರಿ ಮೊದಲು ನಂಬಲಿಲ್ಲ. “ಜನ ಕ್ಲಚ್ ತುಳಿದು ತುಳಿದು ಮಂಡಿ ನೋವು ಅಂತ ಆಟೊಮ್ಯಾಟಿಕ್ ತಗೋತಾರೆ. ನೀನು ಇಲ್ಲದ ನೋವನ್ನ ದುಡ್ಡು ಕೊಟ್ಟು ಹಾಕಿಸ್ಕೋತಿದೀಯಲ್ಲಣ್ಣ” ಎಂದ. ಆಮೇಲೆ ಕೆಲಸದ ರುಚಿ ಹತ್ತಿತು. ಗುಜರಿಯಿಂದ ಒಂದು ಗೇರ್ ಬಾಕ್ಸ್ ಹುಡುಕಿ ತಂದ. ನೆಲದ ತಗಡು ಕೊರೆದು ಪೆಡಲು ಕೂರಿಸಿದ. ಗಾಡಿಯ ಕೆಳಗಿನ ಉದ್ದದ ಶಾಫ್ಟನ್ನು ಕತ್ತರಿಸಿ ಬೆಸೆದ. ಗೇರಿನ ಕೋಲಿಗೆ ತಲೆ ಇರಲಿಲ್ಲ. ಬೇರೆ ಯಾವುದೋ ಗಾಡಿಯ ಗೇರಿನ ಗುಂಡನ್ನು ತಂದು ಸಿಕ್ಕಿಸಿದ. ಅದರ ಮೇಲೆ ಯಾವ ಗೇರು ಎಲ್ಲಿದೆ ಎಂಬ ಚಿತ್ರವೂ ಇತ್ತು. ಗಾಡಿಯನ್ನು ತಾನೇ ಓಡಿಸಿಕೊಂಡು ಬಂದು ಸಸಿಯಣ್ಣನ ಮನೆಮುಂದೆ ನಿಲ್ಲಿಸಿ ಹೋದ.

ತನಗೆ ಕ್ಲಚ್ ಬರುತ್ತದೆಯೇ ಎಂದು ಸಸಿಯಣ್ಣ ಯೋಚಿಸಿರಲಿಲ್ಲ ಎಂದಲ್ಲ. ಹಿಂದೊಮ್ಮೆ ಸ್ಕೂಟರ್ ಓಡಿಸಿದ್ದ. ಅದರಲ್ಲಿ ಕೈಯಿಂದ ಹಿಡಿಯುವುದನ್ನು ಇದರಲ್ಲಿ ಕಾಲಿಂದ ತುಳಿಯುವುದು, ಅಷ್ಟೇ ತಾನೇ ಎಂದುಕೊಂಡಿದ್ದ.

ಈಗ ಕೀ ತಿರುಗಿಸಿ, ಹಲ್ಲು ಕಚ್ಚಿ ಕ್ಲಚ್ ಬಿಟ್ಟ. ಇಷ್ಟು ವರ್ಷ ಸುಮ್ಮನೆ ಕೂತು ಸವಾರಿ ಮಾಡಿದ್ದ ಎಡಗಾಲಿಗೆ ಮೆಲ್ಲಗೆ ಎಂಬುದು ತಿಳಿಯದು. ಪಿಕಪ್ಪಿಗೆ ಬಿಕ್ಕಳಿಕೆ ಬಂದಂತಾಗಿ ಗಕ್ಕನೆ ನಿಂತಿತು. ಹಿಂದೆ ಟ್ರೇಗಳು ಒಂದರ ಮೇಲೊಂದು ಜಾರಿದವು.

“ರೀ, ಹಿಂದೆ ಇರೋದು ಸಸಿ. ಜಲ್ಲಿಕಲ್ಲಲ್ಲ” ಎಂದಳು ಹೆಂಡತಿ.

ಎರಡನೆಯ ಬಿಕ್ಕಳಿಕೆಗೆ ಟೈಲರ್ ಕೊರಳಲ್ಲಿ ಟೇಪಿನೊಂದಿಗೆ ಹೊರಗೆ ಬಂದ. ಮೂರನೆಯದಕ್ಕೆ ಭಾವ ಬಾಯಲ್ಲಿ ಬ್ರಷ್ಷಿನೊಂದಿಗೆ ಬಂದ. ಕಾಲು ಫಕ್ಕನೆ ತೆಗೆಯಬೇಕೆಂದು ಒಬ್ಬ, ತೆಗೆಯಲೇಬಾರದೆಂದು ಇನ್ನೊಬ್ಬ. ಇಬ್ಬರೂ ಕ್ಲಚ್ ಮುಟ್ಟಿದವರಲ್ಲ. ಕೊನೆಗೆ ಭಾವ, “ಇಳೀರಿ ಭಾವ, ಗಾಡಿಗೆ ನನ್ನ ಕೈ ಗುರುತಿದೆ” ಎಂದು ತಾನೇ ಹತ್ತಿ ಕೂತ. ಗಾಡಿ ಅವನನ್ನು ಸ್ಟೀರಿಂಗಿನ ಮೇಲೆ ಮುಗ್ಗರಿಸುವಂತೆ ಮಾಡಿತು. ಬ್ರಷ್ಷು ಕಿಟಕಿಯಿಂದ ಹೊರಗೆ ಹಾರಿತು. ಆ ಕಷ್ಟದಲ್ಲೂ ಸಸಿಯಣ್ಣನ ಹೊಟ್ಟೆ ತಣ್ಣಗಾಯಿತು. ಹಾಕಿಸಿದ್ದು ಫಲ ಕೊಟ್ಟಿತ್ತು.

ಆದರೆ ಇಬ್ಬನಿ ಆರುತ್ತಿತ್ತು. ಅವನು ಮತ್ತೆ ಹತ್ತಿ, ಗುಂಡಿನ ಮೇಲಿನ ಚಿತ್ರವನ್ನು ಚೆನ್ನಾಗಿ ನೋಡಿ, ಅದು ತೋರಿಸಿದ ಜಾಗಕ್ಕೇ ಒಂದನೆಯ ಗೇರು ತಳ್ಳಿದ. ಈ ಸಲ ಎಂಜಿನ್ ಆರಿಹೋಗಬಾರದೆಂದು ಬಲವಾಗಿ ಎಕ್ಸಲರೇಟರ್ ಒತ್ತಿದ. ಗಾಡಿ ಆರಲಿಲ್ಲ. ಹಿಂದಕ್ಕೆ ಹೊರಟಿತು. ಚಿತ್ರ ಆ ಗುಂಡಿನ ಹಳೇ ಗಾಡಿಯದು, ಗೇರ್ ಬಾಕ್ಸ್ ಇನ್ಯಾವುದರದೋ. ಟೈಲರನ ಅಂಗಳದಲ್ಲಿ ಒಣಗಲು ಹಾಕಿದ್ದ ಬಟ್ಟೆಯ ಹಗ್ಗವನ್ನು ಕಿತ್ತುಕೊಂಡು, ಒಗೆಯುವ ಕಲ್ಲಿಗೆ ಒರಗಿ ನಿಂತಾಗ ಪಿಕಪ್ಪಿನ ಬೆನ್ನ ಮೇಲೆ ಎರಡು ಅಂಗಿಗಳಿದ್ದವು, ಹಿಂದಿನ ಒಂದು ದೀಪಕ್ಕೆ ಪ್ಯಾಂಟು ಹಾಕಿಸಿದಂತಾಗಿತ್ತು.

“ಅದು ನಾಳೆ ಮದುವೆ ಆಗೋನ ಪ್ಯಾಂಟು” ಎಂದು ಟೈಲರ್ ತಲೆಯ ಮೇಲೆ ಕೈಹೊತ್ತು ಕೂತ.

ಇಷ್ಟನ್ನೂ ಎದುರುಮನೆಯ ಜಗಲಿಯಿಂದ ಲಾರಿ ದೊಡ್ಡಪ್ಪ ನೋಡುತ್ತಿದ್ದ. ಜೀವಮಾನವೆಲ್ಲ ಲಾರಿ ಓಡಿಸಿ ಈಗ ಕುರ್ಚಿ ಹಿಡಿದವನು. ಸಸಿಯಣ್ಣನ ಪಿಕಪ್ಪನ್ನು ಅವನು ಒಂದು ದಿನವೂ ಕೇಳಿದವನಲ್ಲ. ಕ್ಲಚ್ ಇಲ್ಲದ್ದನ್ನು ಗಾಡಿ ಎನ್ನಲು ಒಪ್ಪದೆ ಅದು ಹೋಗುವಾಗ ಮುಖ ತಿರುಗಿಸುತ್ತಿದ್ದ. ಈಗ ರಸ್ತೆ ದಾಟಿ ಬಂದು ಬಾಗಿಲು ತೆರೆದ.

“ಇಳಿ ಮಗಾ.”

ತಾನು ಹತ್ತಿ ಕೂತು, ಅಲುಗಾಡುವ ಹಲ್ಲನ್ನು ನೋಡುವವನಂತೆ ಗೇರಿನ ಕೋಲನ್ನು ಆಚೀಚೆ ಆಡಿಸಿದ. ಗುಂಡನ್ನು ಕಿತ್ತು ಹೊರಗೆಸೆದ. ಗಾಡಿ ಹಾಲಿನ ಪಾತ್ರೆ ಹೊತ್ತವರಂತೆ ತುಳುಕದೆ ಹೊರಟಿತು. ಭಾವ ಓಡಿ ಹೋಗಿ ಮುಂದಿನ ಸೀಟು ಹಿಡಿದ. ಸಸಿಯಣ್ಣ ತನ್ನ ಗಾಡಿಯ ಹಿಂದೆ ಹತ್ತಿ, ಟ್ರೇಗಳನ್ನು ತಬ್ಬಿಕೊಂಡು ಕೂತ.

ಹೊಲ ತಲುಪಿದಾಗ ಬಿಸಿಲು ಇನ್ನೂ ಮರಗಳ ತುದಿಯಲ್ಲಿತ್ತು. ಯಜಮಾನ ಒಂದು ಸಸಿ ಕಿತ್ತು ಬೇರು ನೋಡಿದ, ಕಾಂಡ ಬಾಗಿಸಿ ನೋಡಿದ, ತಲೆಯಾಡಿಸಿದ. ಜಾರಿದ್ದ ಟ್ರೇಗಳನ್ನು ಸಸಿಯಣ್ಣ ಮೆಲ್ಲಗೆ ಹಿಂದಕ್ಕೆ ಸರಿಸಿದ. ಹಂಗಾಮು ಪೂರ್ತಿ ದಿನಾ ಬೆಳಿಗ್ಗೆ ಒಂದು ಲೋಡು ಎಂದಾಯಿತು. “ಒಂದೇ ಮಾತು” ಎಂದ ಯಜಮಾನ. “ಈ ಹಿರಿಯರೇ ತರಬೇಕು. ನಮ್ಮ ಕೊರಕಲು ದಾರೀಲಿ ಇಷ್ಟು ನಯವಾಗಿ ಗಾಡಿ ಬಂದದ್ದು ನಾನು ನೋಡಿಲ್ಲ.”

ಸಸಿಯಣ್ಣನಿಗೆ ಖುಷಿಯಲ್ಲಿ ಕಣ್ಣು ಮಂಜಾಯಿತು. ಮನೆಗೆ ಬಂದಮೇಲೆ, ನಿಮ್ಮ ಋಣ ಹೇಗೆ ತೀರಿಸಲಿ ಎಂದು ದೊಡ್ಡಪ್ಪನನ್ನು ಕೇಳಿದ.

“ದುಡ್ಡು ಗಿಡ್ಡು ಅಂದ್ರೆ ಬೈತೀನಿ” ಎಂದ ದೊಡ್ಡಪ್ಪ. “ಮಧ್ಯಾಹ್ನ ಗಾಡಿ ನನ್ನ ಹತ್ರ ಇರಲಿ. ಹಳೇ ಗೆಳೆಯರನ್ನ ನೋಡಿ ಬರ್ತೀನಿ.”

“ಅದಕ್ಕೇನಂತೆ” ಎಂದಿತು ಸಸಿಯಣ್ಣನ ನಾಲಿಗೆ.

ಹಳೇ ಗೆಳೆಯರೆಂದರೆ ಬಸ್ಸು, ಟ್ರಾಕ್ಟರು, ಟ್ಯಾಂಕರು ಓಡಿಸಿ ಮನೆಯಲ್ಲಿ ಕೂತಿದ್ದ ಮುದುಕರು. ಇಷ್ಟು ದಿನ ಕ್ಲಚ್ ಇಲ್ಲದ ಗಾಡಿಯ ಹತ್ತಿರ ಹೋಗಲು ಹೆದರಿದ್ದವರು, ಕ್ಲಚ್ ಬಂತೆಂದು ಕೇಳಿದ್ದೇ ತಡ, ಒಬ್ಬೊಬ್ಬರಾಗಿ ಜಗಲಿಗೆ ಬಂದರು. ಕೈಗೂ ಕಾಲಿಗೂ ಕೆಲಸವಿರುವ ಗಾಡಿ ಎಂದು ಕೊಂಡಾಡಿದರು. ಒಬ್ಬೊಬ್ಬರೂ ಒಂದೊಂದು ಸುತ್ತು ಹೊಡೆದರು. ಒಬ್ಬನಿಗೆ ಮಗಳ ಮನೆಗೆ ಹೋಗಬೇಕಿತ್ತು, ಇನ್ನೊಬ್ಬನಿಗೆ ಸೌದೆ ತರಬೇಕಿತ್ತು.

ಸಂಜೆ ಭಾವ ನಗುತ್ತ ಬಂದ. “ಭಾವ, ನಿಮ್ಮ ಹತ್ರ ಗಾಡಿ ಕೇಳೋಕೆ ನನಗೂ ಒಂಥರಾ ಸಂಕೋಚ ಆಗ್ತಿತ್ತು. ಈಗ ಆ ತಾಪತ್ರಯವೇ ಇಲ್ಲ. ದೊಡ್ಡಪ್ಪನ್ನ ಕೇಳಿದರಾಯ್ತು, ಓಡಿಸೋರೂ ಅವರೇ.”

ಸಸಿಯಣ್ಣ ಎದ್ದು ರಸ್ತೆ ದಾಟಿದ. ನಾಳೆಯ ಲೋಡಿಗೆ ಗಾಡಿ ಬೇಕಿತ್ತು. ಜಗಲಿಯ ಬೆಂಚಿನ ಮೇಲೆ ಆಗಲೇ ಟೈಲರ್ ಕೂತಿದ್ದ, ಅವನ ಪಕ್ಕ ಸೌದೆಯವನಿದ್ದ. ಸಸಿಯಣ್ಣನಿಗೆ ತುದಿಯಲ್ಲಿ ಒಂದಿಷ್ಟು ಜಾಗ ಸಿಕ್ಕಿತು. ಕಾದು ಕಾದು ಅವನ ಸರದಿ ಬಂದಾಗ ದೊಡ್ಡಪ್ಪ ಕೀಯನ್ನು ಬೆರಳಲ್ಲಿ ತಿರುಗಿಸುತ್ತ, ಪ್ರೀತಿಯಿಂದಲೇ ಕೇಳಿದ:

“ನಿನಗೆಲ್ಲಿಗೆ ಬೇಕಿತ್ತು ಮಗಾ?”