ಬೀಳಬಾರದೆಂದು ಹೊರಟ ಬೀಳಪ್ಪ

ಇವತ್ತು ಬೀಳಬಾರದು ಎಂದು ಬೀಳಪ್ಪನವರು ಹಲ್ಲುಜ್ಜುತ್ತಲೇ ತೀರ್ಮಾನಿಸಿದರು. ಬಾಯಿ ತುಂಬ ನೊರೆಯಿದ್ದುದರಿಂದ ಆ ತೀರ್ಮಾನ ಹೆಂಡತಿಗೆ ಅರ್ಥವಾಗಲಿಲ್ಲ. ಬಾಯಿ ಮುಕ್ಕಳಿಸಿ ಬಂದು ಇನ್ನೊಮ್ಮೆ ಹೇಳಿದರು.

“ಏನೇ ಆಗ್ಲಿ ಕಣೇ, ಇವತ್ತು ನಾನು ಬೀಳಲ್ಲ.”

ಎಲ್ಲಕ್ಕೂ ಕಾರಣ ನಗರಸಭೆಯಿಂದ ಬಂದ ಅರ್ಧ ಹಾಳೆ ಕಾಗದ. ಒಂದು ಕಾಲದಲ್ಲಿ ಬೀಳಪ್ಪ–ಏಳಪ್ಪ ಎಂದರೆ ಸಿನಿಮಾ ಮಂದಿರದ ಬಾಗಿಲು ಮುರಿಯುತ್ತಿತ್ತು. ಗಿಡ್ಡಗೆ ದುಂಡಗಿದ್ದ ಇವರು ಬೀಳುವುದು, ಗಳದಂತಿದ್ದ ಅವರು ಎತ್ತುವುದು, ಎತ್ತಿದವರ ಕೈ ಜಾರಿ ಇವರು ಮತ್ತೆ ಬೀಳುವುದು. ಇಷ್ಟೇ ಬಂಡವಾಳದಲ್ಲಿ ಇಪ್ಪತ್ತಮೂರು ಸಿನಿಮಾ ಆದವು. ಜನ ಹೊಟ್ಟೆ ಹಿಡಿದುಕೊಂಡರು, ವಿಮರ್ಶಕರು ಮೂಗು ಹಿಡಿದುಕೊಂಡರು. ಆಮೇಲೆ ಮೂವತ್ತು ವರ್ಷ ಯಾರೂ ಕ್ಯಾರೇ ಅನ್ನಲಿಲ್ಲ. ಈಗ ಹಳೆಯ ರೀಲುಗಳು ಯಾವುದೋ ಗೋದಾಮಿನಲ್ಲಿ ಸಿಕ್ಕಿ, ಪರವೂರಿನ ವಿದ್ವಾಂಸರೊಬ್ಬರು ಅವುಗಳ ಮೇಲೆ ಆರುನೂರು ಪುಟ ಬರೆದು, ಬೀಳುವುದೂ ಒಂದು ಕಲೆಯೇ ಎಂದು ತೋರಿಸಿಕೊಟ್ಟಿದ್ದರು. ಪುರಭವನದಲ್ಲಿ ಹನ್ನೊಂದು ಗಂಟೆಗೆ ಇಬ್ಬರಿಗೂ ಪದಕ. ಪದಕ ಕೊಡುವ ಮುಖ್ಯ ಅತಿಥಿ ಅದೇ ವಿದ್ವಾಂಸರು. ಅವರ ಮುಖವನ್ನು ಈ ಊರಲ್ಲಿ ಯಾರೂ ಕಂಡಿರಲಿಲ್ಲ.

ಬೀಳಪ್ಪನವರಿಗೆ ಪದಕಕ್ಕಿಂತ ಮರ್ಯಾದೆ ಬೇಕಿತ್ತು. ಮಗಳ ಮದುವೆಯಲ್ಲಿ ಇವರು ಅತ್ತರೆ ನೆಂಟರು ಚಪ್ಪಾಳೆ ತಟ್ಟಿದ್ದರು. ಅಣ್ಣ ತೀರಿಕೊಂಡ ಸುದ್ದಿ ಹೇಳಿದಾಗ ಕಿರಾಣಿ ಅಂಗಡಿಯವನು ನಗು ತಡೆದುಕೊಂಡು “ಆಮೇಲೆ?” ಎಂದು ಕೇಳಿದ್ದ. ಬದುಕಿನಲ್ಲಿ ಒಂದು ದಿನವಾದರೂ ನಾಲ್ಕು ಜನ ತಮ್ಮನ್ನು ನೋಡಿ ನಗದೆ ಇರಬೇಕು. ಅದೂ ಏಳಪ್ಪನ ಎದುರಿಗೆ.

ಏಳಪ್ಪನವರ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ‘ನಾನು ಎತ್ತದಿದ್ದರೆ ನೀನು ಬಿದ್ದೇ ಇರುತ್ತಿದ್ದೆ’ ಎಂದು ಅವರು ಅಂದಿದ್ದರು. ‘ನಾನು ಬೀಳದಿದ್ದರೆ ನಿನಗೆ ಕೆಲಸವೇ ಇರುತ್ತಿರಲಿಲ್ಲ’ ಎಂದು ಇವರು ಅಂದಿದ್ದರು. ಎರಡೂ ನಿಜವಾದ್ದರಿಂದ ಜಗಳ ಮುಗಿಯುವ ದಾರಿಯೇ ಇರಲಿಲ್ಲ.

ಎಂಟು ಗಂಟೆಗೆಲ್ಲ ಅಕ್ಕಪಕ್ಕದವರು ಬಂದರು. ವೇದಿಕೆಯ ಮೇಲೆ ಒಂದಾದರೂ ಬೀಳು ಬೀಳದಿದ್ದರೆ ಬೀದಿಯ ಮಾನ ಹೋಗುತ್ತದೆ ಎಂಬುದು ಎಲ್ಲರ ಅಭಿಪ್ರಾಯ. ಕೆಳಮನೆಯ ಡ್ರಿಲ್ ಮಾಸ್ತರರು ಸೊಂಟಕ್ಕೆ ಕಟ್ಟಿಕೊಳ್ಳಲು ತಮ್ಮ ತಲೆದಿಂಬನ್ನೇ ತಂದಿದ್ದರು. ಬೀಳಪ್ಪನವರು ದಿಂಬನ್ನು ಮರ್ಯಾದೆಯಿಂದ ವಾಪಸು ಕೊಟ್ಟರು. ಇಸ್ತ್ರಿಯವನು ಮಾತ್ರ ಅವರ ಮನಸ್ಸು ಅರಿತವನಂತೆ ಕೋಟು ಪ್ಯಾಂಟಿಗೆ ಗಂಜಿಯನ್ನು ಧಾರಾಳವಾಗಿ ಹಾಕಿದ್ದ. ತೊಟ್ಟುಕೊಂಡ ಮೇಲೆ ಮಂಡಿ ಮಡಿಸಲು ಬರಲಿಲ್ಲ, ಕತ್ತು ತಿರುಗಲಿಲ್ಲ. ಕನ್ನಡಿಯಲ್ಲಿ ಯಾರೋ ನಿವೃತ್ತ ನ್ಯಾಯಾಧೀಶರು ನಿಂತಿದ್ದರು.

ದಾರಿಯೂ ಅವರನ್ನು ಸುಮ್ಮನೆ ಬಿಡಲಿಲ್ಲ. ಬಾಳೆಹಣ್ಣಿನ ಸಿಪ್ಪೆ ಇತ್ತು. ಹಳೆಯ ನೆಂಟನನ್ನು ಕಂಡೂ ಕಾಣದವರಂತೆ ದಾಟಿದರು. ಮೂಲೆಯಲ್ಲಿ ಕಾರು ತೊಳೆಯುವವನ ಸೋಪಿನ ನೀರು ಹರಿದು ಬಂತು. ಗೋಡೆ ಹಿಡಿದು ನಡೆದರು. ನಾಯಿಯೊಂದು ತನ್ನ ಹಗ್ಗದಿಂದ ಅವರ ಕಾಲಿಗೆ ಎರಡು ಸುತ್ತು ಹಾಕಿತು. ನಿಂತಲ್ಲೇ ಎರಡು ಸುತ್ತು ಹಿಂದಕ್ಕೆ ತಿರುಗಿ ಬಿಡಿಸಿಕೊಂಡರು. ಇಪ್ಪತ್ತಮೂರು ಸಿನಿಮಾದಲ್ಲಿ ಬಿದ್ದವರಿಗೆ ಎಲ್ಲೆಲ್ಲಿ ಬೀಳಬಹುದು ಎಂಬುದು ಅಂಗೈ ಗೆರೆಯಷ್ಟು ಸ್ಪಷ್ಟ. ಪುರಭವನ ತಲುಪಿದಾಗ ಅವರ ಮುಖದಲ್ಲಿ ಯುದ್ಧ ಗೆದ್ದವರ ಗಾಂಭೀರ್ಯವಿತ್ತು.

ಆ ಗಾಂಭೀರ್ಯವೇ ಎಡವಟ್ಟು ಮಾಡಿತು. ಸಿನಿಮಾಗಳಲ್ಲಿ ಅವರ ಮುಖ ಯಾವಾಗಲೂ ಹಿಟ್ಟು ಮೆತ್ತಿಕೊಂಡೋ, ಟೋಪಿಯಲ್ಲಿ ಹೂತೋ ಇರುತ್ತಿತ್ತು. ಬಾಗಿಲಲ್ಲಿದ್ದ ಸ್ವಯಂಸೇವಕಿ ಆ ಮುಖವನ್ನು ಹಾಗೇ ಎಂದೂ ಕಂಡವಳಲ್ಲ.

“ತಾವು ಮುಖ್ಯ ಅತಿಥಿಗಳಲ್ವಾ ಸರ್?” ಎಂದಳು.

ಅತಿಥಿಗಳಲ್ಲಿ ತಾವು ಮುಖ್ಯರೇ ಎಂದುಕೊಂಡು ಬೀಳಪ್ಪನವರು ಬಗ್ಗದ ಕತ್ತನ್ನು ಎಷ್ಟು ಬಗ್ಗಿತೋ ಅಷ್ಟು ಬಗ್ಗಿಸಿದರು. ಅವಳು ಕರೆದೊಯ್ದು ವೇದಿಕೆಯ ನಡುಗುರ್ಚಿಯಲ್ಲಿ ಕೂರಿಸಿದಳು. ನಗರಸಭೆಯ ಅಧ್ಯಕ್ಷರು ಎದ್ದು ಕೈಮುಗಿದರು. ಯಾರೂ ನಗಲಿಲ್ಲ. ಬೀಳಪ್ಪನವರ ಕಣ್ಣು ತುಂಬಿ ಬಂತು. ವಿದ್ವಾಂಸರ ರೈಲು ಮೂರು ಗಂಟೆ ತಡವಾಗಿ, ಅವರು ಯಾವುದೋ ಸ್ಟೇಷನ್ನಿನಲ್ಲಿ ತೂಕಡಿಸುತ್ತಿದ್ದ ಸಂಗತಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಿಂಬಾಗಿಲಲ್ಲಿ ನಡೆದದ್ದು ಬೀಳಪ್ಪನವರಿಗೆ ಆಮೇಲೆ ತಿಳಿಯಿತು. ಅಲ್ಲಿ ಸೀಲಿಂಗಿಗೆ ಬಣ್ಣ ಬಳಿಯುತ್ತಿದ್ದ ಪೇಂಟರು ಬಿಳಿ ಬಣ್ಣದ ಡಬ್ಬಿಯ ಸಮೇತ ಏಣಿಯಿಂದ ಜಾರಿ ಬಿದ್ದ. ಅದೇ ಹೊತ್ತಿಗೆ ಏಳಪ್ಪನವರು ಒಳಗೆ ಬಂದರು. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಕನ್ನಡಕ ಮನೆಯಲ್ಲೇ ಬಿಟ್ಟಿದ್ದರು. ಮಸುಕು ಮಸುಕಾಗಿ ಕಂಡದ್ದು ನೆಲದ ಮೇಲೆ ಬಿದ್ದ ಒಬ್ಬ ದುಂಡನೆಯ, ಬಿಳಿ ಮುಖದ ಮನುಷ್ಯ. ಅಭ್ಯಾಸಬಲದಿಂದ ಎತ್ತಿದರು. ಬಣ್ಣದ ಜಿಡ್ಡಿಗೆ ಕೈ ಜಾರಿತು, ಅವನು ಮತ್ತೆ ಬಿದ್ದ. ಸುತ್ತ ನಿಂತವರು ಚಪ್ಪಾಳೆ ಹೊಡೆಯುತ್ತ ಇಬ್ಬರನ್ನೂ ವೇದಿಕೆಗೆ ನೂಕಿದರು. ತಾನು ಪೇಂಟರ್ ಎಂದು ಅವನು ಹೇಳಿಯೇ ಹೇಳಿದ. ಹೇಳಿದಷ್ಟೂ ನಗು ಹೆಚ್ಚಿತು.

ಮೈಕಿನಲ್ಲಿ ತಮ್ಮ ಹೆಸರು ಕೇಳಿ ಬೀಳಪ್ಪನವರು ಏಳಹೋದರು. ಅಧ್ಯಕ್ಷರು ಭುಜ ಒತ್ತಿ, ತಾವು ಕೂತಿರಿ, ಅವರೇ ಬರುತ್ತಾರೆ ಎಂದು ಪಿಸುಗುಟ್ಟಿದರು. ಪರದೆಯ ಹಿಂದಿನಿಂದ ಏಳಪ್ಪನವರು ಪೇಂಟರನ ಕೈ ಹಿಡಿದುಕೊಂಡು ಬಂದರು. ಬಂದವರು ನೇರ ಮೈಕಿಗೆ ಹೋದರು.

“ಎಲ್ಲರೆದುರಿಗೂ ಹೇಳ್ತೀನಿ. ತಪ್ಪು ನಂದೇ ಕಣೋ. ನೀನಿಲ್ದೆ ನಾನು ಬರೀ ಉದ್ದ.”

ಹೀಗೆಂದು ಪೇಂಟರನನ್ನು ಅಪ್ಪಿಕೊಂಡು ಗಳಗಳ ಅತ್ತರು. ಸಭೆಯೂ ಮೂಗೊರೆಸಿಕೊಂಡಿತು. ಹನ್ನೊಂದು ವರ್ಷ ಈ ಒಂದು ಮಾತಿಗಾಗಿ ಕಾದಿದ್ದ ಬೀಳಪ್ಪನವರು ಮೂರು ಮಾರು ದೂರದಲ್ಲಿ, ಅಧ್ಯಕ್ಷರು ಎಬ್ಬಿಸಿ ಕೈಗೆ ಕೊಟ್ಟ ತಮ್ಮದೇ ಪದಕ ಹಿಡಿದು ನಿಂತಿದ್ದರು. ಅವರಿಗೆ ಏನೆಂದು ತಿಳಿಯುವ ಮೊದಲೇ ಅಧ್ಯಕ್ಷರು ಕೈ ಹಿಡಿದು, ಪದಕವನ್ನು ಪೇಂಟರನ ಕೊರಳಿಗೆ ಹಾಕಿಸಿಬಿಟ್ಟರು.

ಬೀಳಪ್ಪನವರು ಮೈಕ್ ಎಳೆದುಕೊಂಡರು.

“ಬೀಳಪ್ಪ ಅಂದ್ರೆ ನಾನು.”

ಪುರಭವನ ನಗೆಯಿಂದ ಅದುರಿತು. ವಿದ್ವಾಂಸರಲ್ಲೂ ಇಷ್ಟು ಹಾಸ್ಯಪ್ರಜ್ಞೆ ಇರುತ್ತದೆಂದು ತಿಳಿದಿರಲಿಲ್ಲ ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಇನ್ನು ಉಳಿದದ್ದು ಒಂದೇ ಸಾಕ್ಷಿ. ಬೀಳಪ್ಪನವರು ಬೆಳಗಿನ ತೀರ್ಮಾನವನ್ನು ಅಲ್ಲೇ ಕೈಬಿಟ್ಟರು. ಮೂರು ಹೆಜ್ಜೆ ಹಿಂದೆ ಸರಿದು, ಒಂದು ಹೆಜ್ಜೆ ಮುಂದೆ ಬಂದು, ಗಂಜಿಯ ಪ್ಯಾಂಟು ಚರ್ರೆಂದು ಹರಿಯುವಂತೆ ಎರಡೂ ಕಾಲನ್ನು ಗಾಳಿಗೆ ಎಸೆದು, ಬದುಕಿನಲ್ಲಿ ಎಂದೂ ಬೀಳದಷ್ಟು ಚೆಂದವಾಗಿ ಬಿದ್ದರು. ಮೊದಲು ಹಿಮ್ಮಡಿ, ಆಮೇಲೆ ಮೊಣಕೈ, ಕೊನೆಗೆ ಬೆನ್ನು.

ಸಭೆ ಎದ್ದು ನಿಂತಿತು. ಒಬ್ಬರೂ ನಗಲಿಲ್ಲ. ಯಾರೋ ನೀರು ತನ್ನಿ ಅಂದರು, ಯಾರೋ ಗಾಳಿ ಬಿಡಿ ಅಂದರು. ಏಳಪ್ಪನವರು ಮಾತ್ರ ಸದ್ದು ಕೇಳಿ ತಲೆಯೆತ್ತಿದರು.

“ಇದು ಅವನ ಬೀಳು. ಅವನೇ ಬೀಳಪ್ಪ,” ಎಂದು ಪೇಂಟರನನ್ನು ಬಿಟ್ಟು ಎತ್ತಲು ಓಡಿ ಬಂದರು.

ದೊಡ್ಡವರು ಬಿದ್ದಿರುವಾಗ ತಮಾಷೆಯೇ ಎಂದು ಜನ ಅವರನ್ನು ಬೈದು ಹಿಂದಕ್ಕೆಳೆದರು. ಬೀಳಪ್ಪನವರು ನಾನಾಗಿಯೇ ಬಿದ್ದದ್ದು ಎಂದರೆ, ಹಿರಿಯರು ತಮ್ಮ ನೋವನ್ನೂ ತೋರಿಸಿಕೊಳ್ಳುತ್ತಿಲ್ಲ ಎಂದು ಹೊಗಳಿದರು. ಆಂಬುಲೆನ್ಸು ಬಂತು.

ಆಸ್ಪತ್ರೆಯ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು, ಹೆಸರೇನು ಎಂದು ವಿಚಾರಿಸಿದರು.

“ಬೀಳಪ್ಪ.”

“ಎಷ್ಟು ದಿನದಿಂದ ಬೀಳ್ತಾ ಇದ್ದೀರಿ?”

“ನಲವತ್ತು ವರ್ಷದಿಂದ.”

“ದಿನಕ್ಕೆ ಎಷ್ಟು ಸಲ?”

“ಭಾನುವಾರ ಆದ್ರೆ ನಾಲ್ಕು ಆಟ.”

ಡಾಕ್ಟರು ಗಂಭೀರವಾಗಿ ಬರೆದುಕೊಂಡರು. ತಲೆಗೆ ಪೆಟ್ಟಾಗಿದೆ, ನಾಲ್ಕು ದಿನ ಹಾಸಿಗೆ ಬಿಟ್ಟು ಏಳಬಾರದು ಎಂದರು. ಮನೆಗೂ ಫೋನ್ ಮಾಡಿದರು. ಯಜಮಾನರು ಬಿದ್ದಿದ್ದಾರೆ ಎಂದದ್ದಕ್ಕೆ, “ಚಪ್ಪಾಳೆ ಬಂತಾ?” ಎಂದು ಹೆಂಡತಿ ಕೇಳಿದರು. ಡಾಕ್ಟರು ಅದನ್ನೂ ಬರೆದುಕೊಂಡರು.

ಮಧ್ಯಾಹ್ನ ಏಳಪ್ಪನವರು ಕನ್ನಡಕ ಹಾಕಿಕೊಂಡು ವಾರ್ಡಿಗೆ ಬಂದರು. ಪೇಂಟರು ಪದಕ ತೆಗೆಯದೆ ಮತ್ತೆ ಏಣಿ ಹತ್ತಿದ್ದಾನೆ, ಅವನನ್ನು ಯಾರೂ ಇಳಿಸುವ ಹಾಗಿಲ್ಲ, ಅಧ್ಯಕ್ಷರೇ ಅವನ ಜೊತೆ ಫೋಟೋ ತೆಗೆಸಿಕೊಂಡಿದ್ದಾರೆ ಎಂದು ಸುದ್ದಿ ಒಪ್ಪಿಸಿದರು. ಆಮೇಲೆ ಕನ್ನಡಕ ಒರೆಸತೊಡಗಿದರು. ಬೀಳಪ್ಪನವರು ಕಾದರು, ಕೆಮ್ಮಿದರು, ಕೊನೆಗೆ ತಾವೇ ಬಾಯಿಬಿಟ್ಟರು.

“ಏನೋ ಹೇಳ್ಬೇಕಿತ್ತಲ್ಲ ನೀನು.”

“ಹೇಳಿದೀನಲ್ಲ, ಮೈಕಲ್ಲೇ.”

“ಅದು ಪೇಂಟರಿಗೆ.”

“ಯಾರಿಗಾದ್ರೇನೋ. ಹನ್ನೊಂದು ವರ್ಷ ಬಾಯಿಪಾಠ ಮಾಡಿ ಇಟ್ಕೊಂಡಿದ್ದೆ, ಒಂದೇ ಸಲಕ್ಕೆ ಖರ್ಚಾಗೋಯ್ತು. ಇನ್ನು ನಿನ್ನ ಸರದಿ.”

ಬೀಳಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿದರು. ಏಳಪ್ಪನವರು ಸ್ಟೂಲು ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ಕಾಯುತ್ತ ಕೂತರು. ನಾಲ್ಕು ದಿನ ಅವರಿಗೂ ಬೇರೆ ಕೆಲಸವಿರಲಿಲ್ಲ.